ಕಂಪನಿ ನಾಟಕದ ಹಾರ್ಮೋನಿಯಂ

ಕಂಪನಿ ನಾಟಕವು ಕೆಟ್ಟುಹೋಯಿತೆಂದು ನಾಲ್ವರು ಹಿರಿಯರು ಸೇರಿದೆಡೆಯಲ್ಲೆಲ್ಲ ಆಡಿಕೊಳ್ಳುವುದು ದಾವಣಗೆರೆಯಲ್ಲಿ ವಾಡಿಕೆಯಾಗಿದೆ. ಹಿಂದಿನ ನಟರ ಕಂಠಶ್ರೀಯು ಈಗಿನವರಿಗಿಲ್ಲವೆಂದೂ, ಹೆಂಗಸರು ಮಕ್ಕಳೊಡನೆ ಡೇರೆಯೊಳಗೆ ಕುಳಿತು ನೋಡುವುದೇ ಕಷ್ಟವೆಂದೂ ಅವರ ದೂರು. ದೂರಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಆದರೆ ರೋಗವನ್ನು ಕಂಡವರು ಅದರ ಕಾರಣವನ್ನು ಬೇರೆಡೆಯಲ್ಲಿ ಹುಡುಕುತ್ತಿರುವರೆಂಬುದು ನಮ್ಮ ಅಭಿಪ್ರಾಯ. ಬದಲಾದುದೇ ಅಪರಾಧವೆಂದರೆ ಕಂಪನಿಯು ಹುಟ್ಟಿದಂದಿನಿಂದಲೂ ಅಪರಾಧಿಯೇ ಸರಿ.

1884ರಲ್ಲಿ ಗುಬ್ಬಿ ಕಂಪನಿಯು ಆರಂಭವಾದಾಗ ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದರು. ಸ್ತ್ರೀಯರು ರಂಗಕ್ಕೆ ಬಂದಾಗ ಮೂಗು ಮುರಿದವರು ಕಡಮೆಯಿರಲಿಲ್ಲ. 1934ರಲ್ಲಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ನಿಲ್ಲಿಸಿದರು. ಅದೇ ವರ್ಷದಲ್ಲಿ ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆ ಕಂಡಿತು. ದೇವತೆಗಳ ಮಾಯೆಯನ್ನೂ ಯುದ್ಧದ ವೈಭವವನ್ನೂ ತೋರಿಸಲು ಸಿನಿಮಾ ಬಂದ ಮೇಲೆ ಡೇರೆಯವರು ಪುರಾಣವನ್ನು ಕ್ರಮೇಣ ಹಿಂದಿಟ್ಟು, ಮನೆಯ ಅಂಗಳಕ್ಕೆ ಇಳಿದುದು ಜಾಣತನವೇ. ಸಾಹುಕಾರ, ಪೊಲೀಸು, ಮಲತಾಯಿ, ಹಳ್ಳಿಯ ಹುಡುಗಿ — ಇವರೇ ರಂಗದ ನಾಯಕರೂ ಖಳರೂ ಆದರು. ಹುನಗುಂದ ಸೀಮೆಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವನ್ನು 1974ರಲ್ಲಿ ಸಿನಿಮಾದವರೇ ಡೇರೆಯಿಂದ ಎರವಲು ಪಡೆದರೆಂಬುದನ್ನು ವಾಚಕರು ಮರೆತಿರಲಾರರು.

ನಮ್ಮೂರಿನ ನಿದರ್ಶನವನ್ನೇ ನೋಡೋಣ. ಚಿಂದೋಡಿ ವೀರಪ್ಪನವರು ಸ್ವಾತಂತ್ರ್ಯಕ್ಕೆ ಮುಂಚೆಯೇ ಕಟ್ಟಿದ ಶ್ರೀ ಗುರು ಕರಿಬಸವ ರಾಜೇಂದ್ರ ನಾಟಕ ಮಂಡಳಿಯನ್ನು ಜನರು ಕೆ. ಬಿ. ಆರ್. ಕಂಪನಿಯೆಂದೇ ಬಲ್ಲರು. ವೀರಪ್ಪನವರ ಕಾಲದಲ್ಲಿ ಕಂದ, ಪದ್ಯ, ರಂಗಗೀತೆಗಳೇ ನಾಟಕದ ಬೆನ್ನೆಲುಬು. ಕಥೆಯು ಎಲ್ಲರಿಗೂ ಗೊತ್ತಿದ್ದುದೇ ಆದುದರಿಂದ ಜನರು ಕೇಳಬಂದುದು ಹಾಡನ್ನು. ಅವರ ಪುತ್ರಿ ಚಿಂದೋಡಿ ಲೀಲಾ ಅವರ ಕಾಲದಲ್ಲಿ ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ಮುಂತಾದ ಸಾಮಾಜಿಕ ನಾಟಕಗಳು ಮನೆಮಾತಾದವು. ಹಾಡು ಕಡಮೆಯಾಯಿತು, ಮಾತು ಹರಿತವಾಯಿತು. ಇದರಿಂದ ಕಂಪನಿಯ ಗೌರವಕ್ಕೆ ಕುಂದು ಬಂದಿತೆ? 1988ರಲ್ಲಿ ಲೀಲಾ ಅವರಿಗೆ ಪದ್ಮಶ್ರೀ ಪ್ರಶಸ್ತಿಯೇ ಬಂದಿತು. ಅವರು 2010ರ ಜನವರಿಯಲ್ಲಿ ತೀರಿಕೊಂಡಾಗ ಈ ಊರು ತನ್ನ ಮನೆಯ ಹೆಣ್ಣುಮಗಳೊಬ್ಬಳನ್ನು ಕಳೆದುಕೊಂಡಂತೆ ದುಃಖಿಸಿತು. ಇದೇ ಮನೆತನದ ಬಂಗಾರೇಶರು ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರವನ್ನು 1995ರಲ್ಲಿ ನಿರ್ದೇಶಿಸಿದರು. ಆ ಗವಾಯಿಗಳಾದರೋ ಅಂಧ ಶಿಷ್ಯರ ಅನ್ನಕ್ಕಾಗಿ ತಾವೇ ನಾಟಕದ ಕಂಪನಿಯನ್ನು ನಡೆಸಿದ ಮಹನೀಯರು!

ಹಾಗಾದರೆ ಕೆಟ್ಟುದು ಯಾವುದು? ನಮ್ಮ ಉತ್ತರವು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ರಂಗದ ಮುಂದಣ ಹಾರ್ಮೋನಿಯಂ ಮಾಸ್ತರನು ಎದ್ದುಹೋದುದೇ ಕೇಡಿನ ಮೂಲ. ಕಾಲು ಹಾರ್ಮೋನಿಯಂ ಮುಂದೆ ಕುಳಿತ ಮಾಸ್ತರನು ಕೇವಲ ವಾದ್ಯಗಾರನಾಗಿರಲಿಲ್ಲ. ನಟನ ಗಂಟಲು ಕೆಟ್ಟ ದಿನ ಶ್ರುತಿಯನ್ನು ಇಳಿಸುವವನೂ, ಮಾತು ಮರೆತವನಿಗೆ ಎರಡು ಸ್ವರ ನುಡಿಸಿ ಉಸಿರು ಕೊಡುವವನೂ, ಜನರು ‘ಒನ್ಸ್ ಮೋರ್’ ಎಂದು ಕೂಗಿದಾಗ ನಟನ ಮುಖ ನೋಡಿ ಪಲ್ಲವಿಯನ್ನು ಮತ್ತೆ ಎತ್ತುವವನೂ ಅವನೇ. ನಟನಿಗೂ ಪ್ರೇಕ್ಷಕನಿಗೂ ನಡುವಣ ದೂತನೆಂದರೆ ತಪ್ಪಾಗದು. ಮೊದಲು ಧ್ವನಿವರ್ಧಕ ಬಂದಿತು. ತೂಗುಬಿಟ್ಟ ಮೈಕಿನ ಕೆಳಗೇ ನಿಂತು ಮಾತಾಡುವ ಕಟ್ಟುಪಾಡು ನಟರಿಗೆ ಬಂದಿತು. ಅದನ್ನು ಸಹಿಸಿದೆವು. ಆಮೇಲೆ ವಿದ್ಯುತ್ ವಾದ್ಯ ಬಂದಿತು. ಈಗ ಹಲವು ಕಂಪನಿಗಳಲ್ಲಿ ಸಿನಿಮಾ ಹಾಡಿನ ಧ್ವನಿಮುದ್ರಣವನ್ನು ಹಾಕಿ ಕುಣಿಯುವುದೇ ಸಂಗೀತವೆನಿಸಿದೆ. ಮುದ್ರಿತ ಹಾಡು ಯಾರ ಮುಖವನ್ನೂ ನೋಡದು, ಯಾರ ಕೂಗನ್ನೂ ಕೇಳದು. ಜನರು ಎಷ್ಟೇ ಕೂಗಲಿ, ಅದು ತನ್ನ ಪಾಡಿಗೆ ಮುಗಿಯುವುದು.

ಇದರ ಪರಿಣಾಮವನ್ನು ಗಮನಿಸಿರಿ. ಪ್ರೇಕ್ಷಕನ ಮಾತಿಗೆ ಅಲ್ಲಿಂದಲ್ಲಿಗೇ ಮರುಮಾತು ಕೊಡಬಲ್ಲವನು ಈಗ ರಂಗದ ಮೇಲೆ ಒಬ್ಬನೇ ಉಳಿದಿರುವನು, ಅವನು ಹಾಸ್ಯಗಾರ. ಜನರು ಡೇರೆಗೆ ಬರುವುದು ಜೀವಂತ ಮನುಷ್ಯರೊಡನೆ ಒಡನಾಡಲು. ಆ ಒಡನಾಟವು ಹಾಸ್ಯಗಾರನಲ್ಲಿ ಮಾತ್ರ ದೊರೆಯುವಾಗ ಅವನ ಪಾತ್ರವು ಊದಿಕೊಳ್ಳದೆ ಇದ್ದೀತೆ? ಹತ್ತು ನಿಮಿಷದ ಹಾಸ್ಯವು ಅರ್ಧ ಗಂಟೆಯಾಗಿ, ಅರ್ಧ ಗಂಟೆಯನ್ನು ತುಂಬಲು ಎರಡರ್ಥದ ಮಾತು ಸೇರಿ, ಆ ಮಾತಿಗೆ ಹಿಂದಿನ ಸಾಲಿನಿಂದ ಸಿಳ್ಳು ಬಿದ್ದು, ಮರುದಿನ ಅದೇ ಮಾತು ಇಮ್ಮಡಿಯಾಗುವುದು. ಹಾಸ್ಯಗಾರನನ್ನು ಬೈದು ಫಲವಿಲ್ಲ.

ಮಾಲೀಕರನ್ನು ಬೈಯುವುದೂ ಸುಲಭ. ಅವರ ಲೆಕ್ಕದ ಪುಸ್ತಕವನ್ನು ಯಾರು ಕೇಳಿದರು? ಜಾಗದ ಬಾಡಿಗೆ, ಪರವಾನಗಿ, ವಿದ್ಯುತ್ತು, ಡೇರೆಯ ಸಾಗಣೆ, ಮಳೆ ಬಂದ ದಿನದ ನಷ್ಟ. ಆಟವಿಲ್ಲದ ದಿನವೂ ಕಲಾವಿದರ ಕುಟುಂಬಗಳಿಗೆ ಊಟ. 2020ರ ಕೊರೋನಾ ಕಾಲದಲ್ಲಿ ಜಾತ್ರೆಗಳೇ ನಿಂತಾಗ ಡೇರೆಗಳನ್ನು ಸುತ್ತಿಟ್ಟು ಕುಳಿತವರು ಎಷ್ಟೋ ಮಂದಿ. ಇಷ್ಟರ ನಡುವೆ ಇಬ್ಬರು ವಾದ್ಯಗಾರರ ದಿನಗೂಲಿಯು ಉಳಿಯುವುದಾದರೆ ಯಾವ ಮಾಲೀಕನು ಉಳಿಸನು? ಇನ್ನು ಮುಂದಿನ ಸಾಲಿನ ಆಸನಗಳ ವಿಚಾರ. ಅವುಗಳಲ್ಲಿ ಕುಳಿತು ನಾಟಕವು ಕೆಳಮಟ್ಟದ್ದಾಯಿತೆಂದು ಮುಖ ಸಿಂಡರಿಸುವ ಅಧಿಕಾರಿ ಮಹಾಶಯರಲ್ಲಿ ಎಷ್ಟು ಜನರು ಟಿಕೀಟು ಕೊಂಡವರು, ಎಷ್ಟು ಜನರು ಪಾಸು ತರಿಸಿಕೊಂಡವರು ಎಂಬುದನ್ನು ಅವರವರ ಅಂತರಂಗಕ್ಕೇ ಬಿಟ್ಟಿದ್ದೇವೆ.

ಮಾಸ್ತರರೇ ಈಗ ಎಲ್ಲಿ ಸಿಕ್ಕುವರೆಂದು ಕೇಳುವವರು ದಾವಣಗೆರೆಯಿಂದ ಚಿತ್ರದುರ್ಗದ ದಾರಿ ಹಿಡಿದು ಆನಗೋಡಿನ ಕಡೆಗೆ ಹೋಗಲಿ. ಹೆದ್ದಾರಿಯ ಮೇಲಣ ಈ ಹೋಬಳಿ ಊರಿನ ಸುತ್ತುಮುತ್ತ, ಈ ಜಿಲ್ಲೆಯ ಬೇರೆ ಸೀಮೆಗಳಲ್ಲಿರುವಂತೆಯೇ, ಊರ ಹಬ್ಬಕ್ಕೋ ಜಾತ್ರೆಗೋ ರೈತರ ಮಕ್ಕಳೇ ಬಣ್ಣ ಹಚ್ಚುವ ಪದ್ಧತಿಯುಂಟು. ಸೀನರಿಯನ್ನು ಬಾಡಿಗೆಗೆ ತರುವರು, ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುವರು. ಆದರೆ ಹಾರ್ಮೋನಿಯಂ ಮಾಸ್ತರನಿಲ್ಲದೆ ತಾಲೀಮನ್ನೇ ಆರಂಭಿಸರು. ಹೊಲದ ಕೆಲಸ ಮುಗಿಸಿ ಬಂದ ಹುಡುಗರಿಗೆ ರಾತ್ರಿ ಹೊತ್ತು ಒಂದೊಂದೇ ಪದ್ಯವನ್ನು ತಿಂಗಳುಗಟ್ಟಲೆ ತಿದ್ದಿ ತೀಡುವವನು ಅವನೇ. ಕಂಪನಿಯು ಕೈಬಿಟ್ಟುದನ್ನು ಹಳ್ಳಿಯು ಹಿಡಿದುಕೊಂಡಿರುವುದು.

ಈ ಮಾಸ್ತರರಲ್ಲಿ ಹಲವರು ವೃದ್ಧರು. ಸರಕಾರವು ವೃತ್ತಿ ರಂಗಭೂಮಿಗಾಗಿಯೇ ದಾವಣಗೆರೆಗೆ ರಂಗಾಯಣವನ್ನು ಕೊಟ್ಟಿರುವುದು ಸಂತೋಷದ ಸಂಗತಿ. ಉತ್ಸವ, ವಿಚಾರಗೋಷ್ಠಿಗಳು ನಡೆಯಲಿ. ಅದಕ್ಕಿಂತ ಮೊದಲು ಈ ಮಾಸ್ತರರನ್ನು ಸಂಬಳದ ಮೇಲೆ ಕರೆಸಿ, ಅವರ ಕೈಕೆಳಗೆ ಹತ್ತು ಮಂದಿ ತರುಣರನ್ನು ಎರಡು ವರ್ಷ ಕೂರಿಸಬೇಕೆಂದು ನಾವು ಸೂಚಿಸುತ್ತೇವೆ.

ಮಹಾನಗರ ಪಾಲಿಕೆಯವರಿಗೆ ನಮ್ಮ ಸೂಚನೆ ಇನ್ನೂ ಸರಳವಾದುದು. ದುಗ್ಗಮ್ಮನ ಜಾತ್ರೆಯು ಎರಡು ವರ್ಷಕ್ಕೊಮ್ಮೆ ಬರುವುದು. ಕಂಪನಿಗಳು ಜಾಗಕ್ಕಾಗಿ ಕೈಮುಗಿದು ಅಲೆಯುವುದೂ ಆಗಲೇ. ರಂಗದ ಮುಂದೆ ಹಾರ್ಮೋನಿಯಂ ತಬಲಗಳನ್ನು ನುಡಿಸುವ ಇಬ್ಬರನ್ನು ಕೂರಿಸುವ ಕಂಪನಿಗೆ ಪಾಲಿಕೆಯ ಜಾಗವನ್ನು ಆ ಹಂಗಾಮಿನ ಮಟ್ಟಿಗೆ ಬಾಡಿಗೆಯಿಲ್ಲದೆ ಕೊಡತಕ್ಕದ್ದೆಂದು ಮುಂದಿನ ಸಭೆಯಲ್ಲಿ ಠರಾವು ಮಾಡಲಿ. ಆ ಬಾಡಿಗೆಯಿಲ್ಲದುದರಿಂದ ಪಾಲಿಕೆಯ ಬೊಕ್ಕಸವು ಬರಿದಾಗದು. ಇಬ್ಬರು ವಾದ್ಯಗಾರರ ಕೂಲಿಯಾದರೋ ಅದರಲ್ಲಿ ಹುಟ್ಟುವುದು.