ಅವಕ್ಕೆ ಕೈ ಇಲ್ಲೆಯೋ?

ಕಳುದ ವಾರ ಹತ್ತರಾಣ ಮನೆಲಿ ಉಪ್ನಯನ. ಊಟದ ಹಂತಿಲಿ ಆನು ಕೂದ್ದು ಒಬ್ಬ ದೊಡ್ಡಮ್ಮನ ಹತ್ತರೆ. ಎನ್ನ ಇಬ್ರು ಮಾಣಿಯಂಗೊ ಚಪ್ಪರದ ಕಂಬಕ್ಕೆ ಸುತ್ತು ಬಂದುಗೊಂಡಿತ್ತಿದ್ದವು. ಸಣ್ಣವ° ದೊಡ್ಡವನ ವೇಷ್ಟಿಯ ಕೊಡಿ ಹಿಡುದು ಎಳದ°, ಅದು ಕಳಚಿತ್ತು, ದೊಡ್ಡವ° ಚಡ್ಡಿಲಿ ನಿಂದು "ಅಬ್ಬೇ" ಹೇಳಿ ಬೊಬ್ಬೆ ಹೊಡದ°. ಇಡೀ ಹಂತಿ ನೆಗೆ ಮಾಡಿತ್ತು. ದೊಡ್ಡಮ್ಮನೂ ನೆಗೆ ಮಾಡಿದವು. ಮತ್ತೆ ಎನ್ನ ಮೋರೆ ನೋಡಿ ಮೆಲ್ಲಂಗೆ ಹೇಳಿದವು: "ಎರಡೂ ಮಾಣಿಯಂಗಳೇ ಆತನ್ನೆ ಪಾಪ. ಒಂದು ಕೂಸಾದರೂ ಬೇಕಾತು. ನಿನಗೆ ಕೈಗೊಂದು ಸಹಾಯ ಆವ್ತಿತ್ತು."

ಪ್ರೀತಿಲಿ ಹೇಳಿದ್ದು ಹೇಳಿ ಎನಗೆ ಗೊಂತಿದ್ದು. ಆನೂ ನೆಗೆ ಮಾಡಿ ಪಾಯಸ ಉಂಡೆ. ಆದರೆ ಮನೆಗೆ ಬಂದ ಮತ್ತೆ ಒರಕ್ಕು ಬಯಿಂದಿಲ್ಲೆ. ಈ ಮಾತಿನ ಆನು ಕೇಳಿದ್ದು ಇದು ಸುರುವಲ್ಲ. ಪ್ರತಿ ಜೆಂಬರಲ್ಲಿಯೂ ಒಬ್ಬಲ್ಲ ಒಬ್ಬ° ಹೇಳ್ತವು. ಹಾಂಗಾಗಿ ಇಂದು ಉತ್ತರ ಬರೆತ್ತೆ. ಅಕ್ಕಂದ್ರು, ಅತ್ತಿಗೆಯಕ್ಕೊ, ಚಿಕ್ಕಮ್ಮಂದ್ರು ಎಲ್ಲೋರೂ ಓದಿ. ಬೈವಲಿದ್ದರೆ ಮನೆಗೆ ಬಂದು ಬೈರಿ, ಆಸರಿಂಗೆ ಕೊಡ್ತೆ.

ಆ ಒಂದು ಮಾತಿಲಿ ಎರಡು ಅನ್ಯಾಯ ಇದ್ದು. ಸುರುವಾಣದ್ದು, ಹುಟ್ಟದ್ದ ಆ ಕೂಸಿಂಗೆ. ಅದು ಈ ಲೋಕಕ್ಕೆ ಬಯಿಂದೇ ಇಲ್ಲೆ, ನಾವು ಅದರ ಕೈಗೆ ಪಾತ್ರ ತೊಳವ ಕೆಲಸ ಕೊಟ್ಟಾತು. ಎರಡನೇದು, ಹುಟ್ಟಿ ಎದುರು ನಿಂದ ಈ ಮಾಣಿಯಂಗೊಗೆ. ಇಬ್ರಿಂಗೂ ಸೇರಿ ನಾಕು ಕೈ, ನಾಕು ಕಾಲು ಇದ್ದು. ಮನುಗುವನ್ನಾರ ಬಚ್ಚದ್ದ ತ್ರಾಣ ಇದ್ದು. ಆದರೂ "ಇವರಂದ ಎಂತದೂ ಆಗ" ಹೇಳಿ ತೀರ್ಪು ಕೊಟ್ಟಾತು.

ಆವ್ತು. ಹೇಂಗೆ ಆವ್ತು ಹೇಳಿ ಮಾಂತ್ರ ಕೇಳೆಡಿ. ಕೇಳಿದ್ದರೆ ಹೇಳ್ತೆ.

ದೊಡ್ಡವಂಗೆ 7 ವರ್ಷ, ಸಣ್ಣವಂಗೆ 4. ದೊಡ್ಡವಂಗೆ ಕೆರೆಮಣೆಲಿ ಕೂದು ಕಾಯಿ ಕೆರವಲೆ ಭಾರೀ ಕೊಶಿ. ಆನು ಹತ್ತರೆಯೇ ಕೂದೊಂಡು ನೋಡ್ತೆ. ಒಂದು ಕಡಿ ಕೆರದು ಅಪ್ಪಗ ಬಟ್ಲಿಲಿ ಅರ್ಧ ಕಡಿಯ ಕಾಯಿ, ಅವನ ಬಾಯಿ ಕರೆ ಇಡೀ ಬೆಳಿ. "ಮಾಣೀ, ಒಳುದ ಕಾಯಿ ಎಲ್ಲಿ?" ಕೇಳಿರೆ "ಕೆರೆಮಣೆ ತಿಂದತ್ತು" ಹೇಳ್ತ°. ಒಂದು ದಿನ ಮೇಲಾರಕ್ಕೆ ಕಾಯಿ ಸಾಲದ್ದೆ ಬರೀ ಸಾರಿಲಿ ಉಂಡಿದೆಯೊ°. ಆನು ಎನ್ನ ಅಬ್ಬೆಗೆ ಫೋನು ಮಾಡಿ ದೂರು ಹೇಳಿದೆ. ಅಬ್ಬೆ ನೆಗೆ ಮಾಡಿದವು. ಅದೇ ಪ್ರಾಯಲ್ಲಿ ಆನು ಅವನಿಂದ ಹೆಚ್ಚು ತಿಂದೊಂಡಿತ್ತಿದ್ದೆಡ. ಈಗ ನೋಡಿ, ಎನ್ನ ಆರೂ "ಇದರಂದ ಆಗ" ಹೇಳಿ ಮಣೆಂದ ಏಳ್ಸಿದ್ದವಿಲ್ಲೆ. "ಕಲಿತ್ತಾ ಇದ್ದು" ಹೇಳಿದವು. ಕೂಸು ಕಾಯಿ ತಿಂದರೆ ಕಲಿವದು, ಮಾಣಿ ಕಾಯಿ ತಿಂದರೆ "ಮಾಣಿಯಂಗೊ ಹಾಂಗೇ". ಇದು ಯೇವ ಲೆಕ್ಕ?

ಸಣ್ಣವಂಗೆ ತೊಳವ ಮರುಳು. ಒಂದು ಹೊತ್ತೋಪಗ ಮನೆ ಒಳ ಶಬ್ದವೇ ಇಲ್ಲೆ. ಮಕ್ಕೊ ಇಪ್ಪ ಮನೆಲಿ ಶಬ್ದ ಇಲ್ಲೆ ಹೇಳಿರೆ ಎಂತದೋ ಆಯಿದು ಹೇಳಿಯೇ ಲೆಕ್ಕ. ಹೋಗಿ ನೋಡಿರೆ, ಜಾಲ ಕರೆಲಿ ನಳ್ಳಿಯ ಬುಡಲ್ಲಿ ಕೂದು ಎನ್ನ ಮಾವನ ಎಲೆ ತಟ್ಟೆ ತೊಳೆತ್ತಾ ಇದ್ದ°. ತಟ್ಟೆ ಮಾಂತ್ರ ಅಲ್ಲ, ಎಲೆಯನ್ನೂ. ಒಂದೊಂದು ಎಲೆಗೂ ಸಾಬೂನು ಉದ್ದಿ, ಒಸ್ತ್ರ ಒಣಗುಸುವ ಬಳ್ಳಿಗೆ ಕ್ಲಿಪ್ಪು ಹಾಕಿ ಸಾಲಾಗಿ ನೇಲುಸಿದ್ದ°. ಸುಣ್ಣದ ಕರಡಿಗೆಯ ಮಾಂತ್ರ ಆನು ಸಮಯಕ್ಕೆ ಎಳಕ್ಕೊಂಡೆ. ಮಾವ° ಬಂದು ನೋಡಿದವು. ಪುಳ್ಳಿಯ ಮೋರೆಲಿಪ್ಪ ಕೊಶಿ ಕಂಡು ಬೈವಲೆ ಮನಸ್ಸು ಬಯಿಂದಿಲ್ಲೆ. ಒಂದು ಎಲೆ ತೆಗದು ಬಾಯಿಗೆ ಹಾಕಿದವು, ಮೋರೆ ಹುಳಿ ಮಾಡಿದವು, ಹೆರ ಹೋಗಿ ತುಪ್ಪಿಕ್ಕಿ ಬಂದವು. ಬಂದಿಕ್ಕಿ ಎಂತ ಹೇಳಿದವು ಗೊಂತಿದ್ದೋ? "ಕೂಸಾಗಿದ್ದರೆ ಎಷ್ಟು ಚೆಂದಕೆ ತೊಳೆತ್ತಿತ್ತು!"

ಆ ಎಲೆಗಳಿಂದ ಚೆಂದಕೆ ಯೇವ ಕೂಸೂ ತೊಳೆಯ. ಇದು ಎನ್ನ ಗ್ಯಾರಂಟಿ.

"ನಮ್ಮಲ್ಲಿ ಗೆಂಡುಮಕ್ಕೊ ಅಡಿಗೆ ಒಳ ಹೋಪ ಕ್ರಮ ಇಲ್ಲೆ" ಹೇಳ್ತವು ಕೆಲವು ಜೆನ. ಇಲ್ಲೆಯೋ? ನಮ್ಮ ಜೆಂಬರಂಗಳ ನೋಡಿ. ಮುನ್ನಾಣ ದಿನ ಹೊತ್ತೋಪಗ ಮೇಲಾರಕ್ಕೆ ಕೊರವಲೆ ಕೂಪದು ಗೆಂಡುಮಕ್ಕೊ. ದೊಡ್ಡ ಒಲೆಯ ಬುಡಲ್ಲಿ ನಿಂದು ಐನ್ನೂರು ಜೆನಕ್ಕೆ ಸಾರು, ಮೇಲಾರ, ಪಾಯಸ ಬೇಶುವ ಅಡಿಗೆಯವು ಗೆಂಡುಮಕ್ಕೊ. ಬೆಶಿ ಅಶನದ ಪಾತ್ರ ಹಿಡ್ಕೊಂಡು ಬಗ್ಗಿ ಬಗ್ಗಿ ಬಳುಸಿ, "ಇನ್ನೊಂದು ಹೋಳಿಗೆ ಹಾಕಿಗೊಳ್ಳಿ" ಹೇಳಿ ಒತ್ತಾಯ ಮಾಡುದೂ ಅವೇ. ಆರ ಬಾಳೆಲಿ ಉಪ್ಪಿನಕಾಯಿ ಮುಗುದ್ದು ಹೇಳಿ ದೂರಂದಲೇ ಅವಕ್ಕೆ ಕಾಣ್ತು. ಅದೇ ಭಾವಂದ್ರು ಮನೆಗೆ ಬಂದು ಕೂದಪ್ಪಗ ನೀರಿನ ಚೆಂಬು ಎಲ್ಲಿದ್ದು ಹೇಳಿ ಕಾಣ್ತಿಲ್ಲೆ! ಊರಿನ ಎದುರು ಮಾಡಿರೆ ಸುದರಿಕೆ, ಮನೆ ಒಳ ಮಾಡಿರೆ ಹೆಮ್ಮಕ್ಕಳ ಕೆಲಸ. ಅರಡಿಯದ್ದೆ ಅಲ್ಲ, ಮನೆಲಿ ಮಾಡ್ಲೆ ನಾಚಿಕೆ.

ಇನ್ನೂ ಹಿಂದೆ ಹೋಯೆಕ್ಕೋ? ಎನ್ನ ಅಜ್ಜಿ ಮುಟ್ಟಾಗಿ ಹೆರ ಕೂದ ಮೂರು ದಿನ ಒಲೆ ಹೊತ್ಸಿಗೊಂಡಿತ್ತಿದ್ದದು ಅಜ್ಜನೇ. ಅಶನ, ಸಾರು, ಒಂದು ತಂಬುಳಿ ಅಜ್ಜಂಗೆ ಸಲೀಸಾಗಿ ಬತ್ತಿತ್ತು. ಮಳೆಗಾಲದ ಚಳಿಗೆ ಅಜ್ಜಿಯ ಹೆರ ಕೂರ್ಸಿದ ಕ್ರಮ ಒಳ್ಳೆದು ಹೇಳಿ ಆನು ಹೇಳ್ತಿಲ್ಲೆ, ಅದು ಹೋದ್ದೇ ಒಳ್ಳೆದಾತು. ಆದರೆ ಕ್ರಮದ ಒಟ್ಟಿಂಗೆ ಅಜ್ಜನ ತಂಬುಳಿಯೂ ಹೋತು, ಅಜ್ಜಿಗೆ ಸಿಕ್ಕಿಗೊಂಡಿದ್ದ ಮೂರು ದಿನದ ಪುರುಸೊತ್ತೂ ಹೋತು. ನವಗೆ ಒಳುದ್ದು ಮೂವತ್ತು ದಿನದ ಒಲೆ ಮಾಂತ್ರ.

ಇದು ಎನ್ನ ಒಬ್ಬಂದೇ ಪರಂಚಾಣ ಅಲ್ಲ. ಕೇಂದ್ರ ಸರಕಾರದವು 2019ರಲ್ಲಿ ಜೆನಂಗೊ ದಿನದ ಹೊತ್ತಿನ ಹೇಂಗೆ ಕಳೆತ್ತವು ಹೇಳಿ ದೇಶ ಇಡೀ ಲೆಕ್ಕ ತೆಗದವು. 6 ವರ್ಷಂದ ಮೇಲಾಣವರ ಲೆಕ್ಕ ಅದು. ಸಂಬಳ ಇಲ್ಲದ್ದ ಮನೆಕೆಲಸ ಮಾಡುವ ಹೆಮ್ಮಕ್ಕೊ ನೂರರಲ್ಲಿ 81 ಜೆನ, ಗೆಂಡುಮಕ್ಕೊ 26 ಜೆನ. ಮಾಡುವವರ ಪೈಕಿಯೂ ಹೆಮ್ಮಕ್ಕೊ ದಿನಕ್ಕೆ 299 ನಿಮಿಷ ಮಾಡ್ತವು, ಗೆಂಡುಮಕ್ಕೊ 97 ನಿಮಿಷ. ಹೇಳಿರೆ ನಮ್ಮದು ಐದು ಗಂಟೆಗೆ ಒಂದೇ ನಿಮಿಷ ಕಮ್ಮಿ. 6 ವರ್ಷ ಹೇಳಿರೆ ಎನ್ನ ದೊಡ್ಡಮಾಣಿಯೂ ಲೆಕ್ಕಕ್ಕೆ ಬಪ್ಪ ಪ್ರಾಯವೇ. ಅವಂಗೆ ಇದರ ಓದಿ ಹೇಳಿದೆ. ರಜ್ಜ ಹೊತ್ತು ಆಲೋಚನೆ ಮಾಡಿ ಕೇಳಿದ°: "ಅಬ್ಬೇ, ಕಾಯಿ ತಿಂದ ಹೊತ್ತೂ ಲೆಕ್ಕಲ್ಲಿ ಇದ್ದೋ?"

ಇಷ್ಟು ಬರದ್ದು ನೋಡಿ ಆನು ದೊಡ್ಡ ಜಾಣೆ ಹೇಳಿ ಗ್ರೇಶೆಡಿ. ದೊಡ್ಡ ರಜೆಲಿ ತಂಗೆಯ ಮಗಳು ಬಂದಿತ್ತು, 6 ವರ್ಷದ ಕೂಸು. ಉಂಡಿಕ್ಕಿ ಏಳುವಗ ಆನು ಹೇಳಿದೆ, "ಪುಟ್ಟಕ್ಕ°, ಎಲ್ಲೋರ ಬಟ್ಲು ತೆಗದು ಅಟ್ಟುಂಬೊಳಲ್ಲಿ ಮಡುಗು ನೋಡೊ°." ಅದು ಎನ್ನ ನೋಡಿತ್ತು. ಮತ್ತೆ ತಿರುಗಿ ಎನ್ನ ಮಕ್ಕಳ ನೋಡಿತ್ತು. ಒಬ್ಬ° ಕಾಲಿನ ಗೋಡೆಗೆ ಕೊಟ್ಟು ಮನುಗಿತ್ತಿದ್ದ°, ಇನ್ನೊಬ್ಬ° ಅವನ ಹೊಟ್ಟೆಯ ಮೇಗೆ ಕಾರು ಓಡ್ಸಿಗೊಂಡಿತ್ತಿದ್ದ°. ಕೂಸು ಕೇಳಿತ್ತು:

"ಎಂತಕೆ ದೊಡ್ಡಮ್ಮ, ಅವಕ್ಕೆ ಕೈ ಇಲ್ಲೆಯೋ?"

ಎನ್ನ ಬಾಯಿಯ ಹಾಂಗೆ ಮುಚ್ಚುಸಿದವು ಬೇರೆ ಆರೂ ಇಲ್ಲೆ. ಮಾಣಿಯಂಗೊಗೆ ಕೆಲಸ ಕಲಿಶುತ್ತೆ ಹೇಳಿ ಊರಿಡೀ ಹೇಳಿಗೊಂಡಿಪ್ಪ ಎನ್ನ ನಾಲಗೆ, ಕೂಸಿನ ಕಂಡಪ್ಪಗ ತನ್ನಷ್ಟಕ್ಕೇ ಅದರ ಹೊಡೆಂಗೆ ತಿರುಗಿತ್ತು. ದೊಡ್ಡಮ್ಮ ಜೆಂಬರಲ್ಲಿ ಬಾಯಿಲಿ ಹೇಳಿದ್ದರ ಆನು ಮನೆಲಿ ಮಾಡಿ ತೋರ್ಸಿದೆ, ಅಷ್ಟೇ ವ್ಯತ್ಯಾಸ. ಆ ದಿನಂದ ಎಂಗಳ ಮನೆಲಿ ಉಂಡವರ ಬಟ್ಲು ಉಂಡವೇ ತೆಗೆಯೆಕ್ಕು. ಸಣ್ಣವ° ಅವನ ಬಟ್ಲಿನ ತಲೆಯ ಮೇಗೆ ಮಡಿಕ್ಕೊಂಡು ಹೋವ್ತ°, ದಾರಿ ಇಡೀ ಅಶನ ಬಿಕ್ಕುತ್ತು. ಮತ್ತೆ ಹಿಡಿಸೂಡಿ ತಂದು ಅದರ ಉಡುಗುತ್ತ°. ಉಡುಗುವಗ ಇನ್ನೂ ದೂರಕ್ಕೆ ಹಬ್ಬುತ್ತು. ಎನಗೆ ಕೆಲಸ ಕಮ್ಮಿ ಆಯಿದಿಲ್ಲೆ, ಜಾಸ್ತಿಯೇ ಆಯಿದು. ಸದ್ಯಕ್ಕೆ ಹಾಂಗೆಯೇ ಇರಲಿ.

ಎಂತಕೆ ಇಷ್ಟು ಹಟ ಹೇಳಿ ಕೇಳುವಿ. ಹೇಳ್ತೆ.

ಎನ್ನ ಅತ್ತೆಗೆ ಮೂರು ಜೆನ ಮಾಣಿಯಂಗೊ. ಮೂರು ಜೆನವೂ ಒಳ್ಳೆಯವು, ಅಬ್ಬೆ ಹೇಳಿರೆ ಜೀವ. ಎರಡು ಮಳೆಗಾಲ ಹಿಂದೆ ಅತ್ತೆ ಜಾಲಿಲಿ ಜಾರಿ ಬಿದ್ದು ಬಲದ ಕೈ ಮುರುದತ್ತು. ಆನು ಆ ಸಮಯಲ್ಲಿ ಅಪ್ಪನ ಮನೆಲಿ, ಸಣ್ಣವಂಗೆ ಜ್ವರ, ಕೂಡ್ಳೆ ಹೆರಡ್ಲೆ ಎಡಿಗಾಯಿದಿಲ್ಲೆ. ಮಕ್ಕೊ ಮೂರೂ ಜೆನ ಓಡಿ ಬಂದವು, ಬೆಂಗಳೂರಿಂದ ಒಬ್ಬ°, ಮಂಗಳೂರಿಂದ ಒಬ್ಬ°, ಮನೆಲಿ ಇವು. ಆಸ್ಪತ್ರೆಗೆ ಕರಕ್ಕೊಂಡು ಹೋದವು, ಬ್ಯಾಂಡೇಜು ಹಾಕ್ಸಿದವು, ಪೈಸೆಯ ಮೋರೆ ನೋಡಿದ್ದವಿಲ್ಲೆ. ಆದರೆ ಎರಡು ದಿನ ಅತ್ತೆ ಉಂಡದು ಪೇಟೆ ಹೋಟ್ಲಿನ ಇಡ್ಲಿ. ಬಾಯಿಗೆ ರುಚಿ ಇಲ್ಲೆ, ಒಂದು ಬಟ್ಲು ಹೆಜ್ಜೆ ಬೇಕು ಹೇಳಿ ಅವಕ್ಕೆ ಆಶೆ. ಮೂರು ಜೆನ ಮಕ್ಕೊ ಇದ್ದುಗೊಂಡು ಹೆಜ್ಜೆ ಬೇಶುಲೆ ಒಬ್ಬಂಗೂ ಅರಡಿಯ. ಆನು ಬಪ್ಪಗ ಅತ್ತೆ ಚಾವಡಿಲಿ ತಲೆಕಸವು ಬಿಕ್ಕಿಗೊಂಡು ಕೂದಿತ್ತಿದ್ದವು. ಒಂದು ಕೈಲಿ ಜೆಡೆ ಕಟ್ಲೆ ಎಡಿತ್ತಿಲ್ಲೆ, ಮಕ್ಕಳತ್ತರೆ ಹೇಳ್ಲೆ ನಾಚಿಕೆ. ಮಕ್ಕೊಗೆ ಕೇಳ್ಲೆ ಗೊಂತಿಲ್ಲೆ.

ಎನಗೆ ಪಿಸುರು ಬಂತು, ಇವರ ಬೈವಲೆ ಬಾಯಿ ತೆಗದೆ. ಅತ್ತೆ ತಡದವು. "ಅವರ ತಪ್ಪಲ್ಲ ಕೂಸೇ. ಸಣ್ಣಾದಿಪ್ಪಗ ಒಲೆ ಹತ್ತರೆ ಬಂದರೆ 'ಹೋಗಿ ಆಡಿ' ಹೇಳಿ ಓಡ್ಸಿದ್ದು ಆನೇ."

ಆ ಇರುಳು ಇವು ಎನ್ನತ್ತರೆ ಕೇಳಿ ಕೇಳಿ ಹೆಜ್ಜೆ ಬೇಶಿದವು. ಅಡಿ ಹಿಡುದತ್ತು. ಅತ್ತೆ ಒಂದು ಅಗುಳು ಒಳುಶದ್ದೆ ಉಂಡವು. ಈಗ ಇವಕ್ಕೆ ಹೆಜ್ಜೆ, ಸಾರು, ಚಾಯ ಬತ್ತು. ನಲುವತ್ತು ಕಳುದ ಮತ್ತೆ ಕಲ್ತದು. 7 ವರ್ಷಲ್ಲಿ ಕಲ್ತಿದ್ದರೆ ಅತ್ತೆಗೆ ಆ ಎರಡು ದಿನ ಇಡ್ಲಿ ತಿಂಬಲಿತ್ತಿಲ್ಲೆ.

"ಮದುವೆ ಆದ ಮತ್ತೆ ಹೆಂಡತ್ತಿ ಸಮ ಮಾಡುಗು" ಹೇಳ್ತವಕ್ಕೂ ಒಂದು ಮಾತು. ಯೇವ ಹೆಂಡತ್ತಿ? ತೋಟ, ಮನೆ, ಕಾರು ಎಲ್ಲ ಇದ್ದುಗೊಂಡು ಕೂಸು ಸಿಕ್ಕದ್ದೆ ಕೂದ ಮಾಣಿಯಂಗೊ ನಮ್ಮ ಊರುಗಳಲ್ಲಿ ಎಷ್ಟು ಜೆನ ಇದ್ದವು ಹೇಳಿ ನಿಂಗೊಗೇ ಗೊಂತಿದ್ದು. ಕೂಸುಗೊಕ್ಕೆ ಪೇಟೆಯೇ ಆಯೆಕ್ಕು ಹೇಳಿ ನಾವು ದೂರ್ತು. ಪೇಟೆಯ ಆಶೆಯೂ ಇಕ್ಕು. ಆದರೆ ಕೂಸು ನೋಡ್ಲೆ ಬಂದಪ್ಪಗ ಅಬ್ಬೆ ಅಟ್ಟುಂಬೊಳಂದ ಹೆರವೇ ಬಾರದ್ದ ಮನೆಯ ಕಂಡು ಅದಕ್ಕೆ ಎಂತ ಕಾಂಗು ಹೇಳಿ ಒಂದರಿ ಆಲೋಚನೆ ಮಾಡಿದ್ದೋ? ಕಲ್ತು ಕೆಲಸಕ್ಕೆ ಹೋಪ ಕೂಸು, ಮೂವತ್ತು ವರ್ಷದ ಮಾಣಿಗೆ ಬಟ್ಲು ತೊಳವಲೆ ಕಲಿಶಲೆ ಬಪ್ಪ ಟೀಚರಲ್ಲ. ಅದೂ ಅಲ್ಲದ್ದೆ, ಮದುವೆ ಆಗದ್ರೂ ಹಶು ಆವ್ತು.

ಹಾಂಗಾಗಿ ನಿಂಗಳತ್ತರೆ ಕೇಳುದು ಇಷ್ಟೇ. ಎಂಗಳ ಮನೆಗೆ ಬಂದಿಪ್ಪಗ ಮಾಣಿಯಂಗೊ ಚಾಯದ ಗ್ಲಾಸು ತೆಗವಲೆ ಬಕ್ಕು. "ಅಯ್ಯೋ, ನೀನೆಂತಕೆ, ಅಬ್ಬೆ ತೆಗಗು" ಹೇಳೆಡಿ. ಆ ಒಂದು ಮಾತು ಸಾಕು, ಎನ್ನ ಆರು ತಿಂಗಳ ಶ್ರಮ ಹಾಳಪ್ಪಲೆ. ಗ್ಲಾಸು ಒಡದರೆ ಒಡೆಯಲಿ, ಸ್ಟೀಲಿಂದು ತಂದು ಮಡುಗಿದ್ದೆ. ಗೆಂಡುಮಕ್ಕೊ ಬಪ್ಪದಾದರೆ ಒಂದು ಜಾಗ್ರತೆ ಹೇಳ್ತೆ. ಮೊನ್ನೆ ಒಬ್ಬ ಮಾವ° ಚಾಯ ಕುಡುದು ಗ್ಲಾಸಿನ ಜೆಗಿಲಿಲಿ ಬಿಟ್ಟು ಹೆರಟವು. ಸಣ್ಣವ° ಅವರ ದಾರಿಗೆ ಅಡ್ಡ ನಿಂದು, ನಿಜವಾಗಿ ಕನಿಕರಲ್ಲಿ ಕೇಳಿದ°: "ಮಾವ, ನಿಂಗೊಗೆ ಆರೂ ಕಲಿಶಿದ್ದವಿಲ್ಲೆಯೋ?" ಮಾವ° ಗ್ಲಾಸು ಹಿಡ್ಕೊಂಡು ನಳ್ಳಿಯ ಬುಡಕ್ಕೆ ಹೋದವು. ಸಣ್ಣವ° ಹಿಂದಂದ ಸಾಬೂನು ತೆಕ್ಕೊಂಡು ಓಡಿದ°.

ದೊಡ್ಡಮ್ಮ, ನಿಂಗೊ ಇದರ ಓದುಗು ಹೇಳಿ ಎನಗೆ ಗೊಂತಿದ್ದು. ಕೋಪ ಮಾಡೆಡಿ. ಬಪ್ಪ ಆದಿತ್ಯವಾರ ಊಟಕ್ಕೆ ಬನ್ನಿ. ದೊಡ್ಡಮಾಣಿ ಮೇಲಾರಕ್ಕೆ ಕಾಯಿ ಕೆರಗು. ಎರಡು ಕಾಯಿ ಹೆಚ್ಚಿಗೆ ಸೊಲುದು ಮಡುಗುತ್ತೆ.