ಅಂಕಿಗಳ ಹಿಂದಿನ ಅರ್ಥ

ಹಿಂದಿನ ಕಾಲದಲ್ಲಿ ಧಾನ್ಯ ಕೊಳ್ಳಲು ಪರವೂರಿಗೆ ಹೋದ ವ್ಯಾಪಾರಿಯು ಬೆಲೆಯನ್ನು ವಿಚಾರಿಸುವ ಮೊದಲು ಅಲ್ಲಿಯ ಕೊಳಗವನ್ನು ನೋಡುತ್ತಿದ್ದನು. ಒಂದೂರಿನ ಕೊಳಗ ಹಿಡಿಯುವಷ್ಟೇ ಧಾನ್ಯವನ್ನು ಇನ್ನೊಂದೂರಿನ ಕೊಳಗ ಹಿಡಿಯುತ್ತಿರಲಿಲ್ಲ. ‘ನೂರು ಕೊಳಗ ಭತ್ತ’ ಎಂಬ ಮಾತಿನಲ್ಲಿ ನೂರು ಎಂಬುದು ಎಲ್ಲೆಡೆಯೂ ನೂರೇ. ಕೊಳಗ ಮಾತ್ರ ಊರಿಂದೂರಿಗೆ ಬೇರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಅಂಗೀಕಾರಗೊಂಡು, ಮುಂದಿನ ಕೆಲವು ವರ್ಷಗಳಲ್ಲಿ ಮೆಟ್ರಿಕ್ ಪದ್ಧತಿ ದೇಶವನ್ನೆಲ್ಲ ವ್ಯಾಪಿಸಿತು. ಸೇರು, ಮಣ, ಮೈಲಿಗಳ ಗೊಂದಲ ಕ್ರಮೇಣ ಕಳೆಯಿತು. ಇಂದು ಬೀದರಿನ ಕಿಲೋಮೀಟರಿಗೂ ಮಂಗಳೂರಿನ ಕಿಲೋಮೀಟರಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಆದರೆ ಅಷ್ಟರಿಂದಲೇ ಕೊಳಗದ ಪ್ರಶ್ನೆ ಮುಗಿಯಲಿಲ್ಲ. ಮಾನ ಒಂದೇ ಆದರೂ ಆ ಮಾನದಿಂದ ಏನನ್ನು ಅಳೆದರು, ಯಾವುದನ್ನು ‘ಒಂದು’ ಎಂದು ಎಣಿಸಿದರು ಎಂಬುದು ಇಂದಿಗೂ ಕೇಳಿ ತಿಳಿಯಬೇಕಾದ ಸಂಗತಿ. ದೇಶದ ಸಾರಿಗೆ ಸಂಪರ್ಕಗಳ ಅಂಕಿ ಅಂಶಗಳನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುತ್ತದೆ.

ಭಾರತದ ರೈಲುಮಾರ್ಗದ ಉದ್ದವೆಷ್ಟು? ಬಹಳ ಸರಳವಾಗಿ ತೋರುವ ಈ ಪ್ರಶ್ನೆಗೆ ಒಂದಲ್ಲ, ಮೂರು ಉತ್ತರಗಳಿವೆ. 2022ರ ಮಾರ್ಚ್ 31ರಂದು ಭಾರತೀಯ ರೈಲ್ವೆಯ ಮಾರ್ಗದ ಉದ್ದ 68,043 ಕಿಲೋಮೀಟರು. ಓಡುವ ಹಳಿಗಳ ಉದ್ದ 1,02,831 ಕಿಲೋಮೀಟರು. ಒಟ್ಟು ಹಳಿಗಳ ಉದ್ದ 1,28,305 ಕಿಲೋಮೀಟರು. ಎರಡು ಊರುಗಳ ನಡುವೆ ಜೋಡಿ ಹಳಿಗಳಿದ್ದರೂ ಮೊದಲನೆಯ ಲೆಕ್ಕದಲ್ಲಿ ಆ ದೂರ ಒಂದೇ ಬಾರಿ ಸೇರುತ್ತದೆ. ಎರಡನೆಯದರಲ್ಲಿ ಎರಡು ಬಾರಿ ಸೇರುತ್ತದೆ. ಮೂರನೆಯ ಲೆಕ್ಕವು ನಿಲ್ದಾಣದ ಅಂಗಳಗಳ ಹಳಿಗಳನ್ನೂ ಪಕ್ಕದ ಹಳಿಗಳನ್ನೂ ಕೂಡಿಸಿಕೊಳ್ಳುತ್ತದೆ. ಮೂರೂ ಸತ್ಯ, ಮೂರಕ್ಕೂ ಉಪಯೋಗವುಂಟು. ರೈಲು ಎಷ್ಟು ದೂರದವರೆಗೆ ತಲುಪಿದೆಯೆಂದು ತಿಳಿಯಬೇಕಾದವನಿಗೆ ಮೊದಲನೆಯದು ಬೇಕು. ಹಳಿಗಳ ದುರಸ್ತಿಗೆ ಉಕ್ಕನ್ನು ಒದಗಿಸಬೇಕಾದವನಿಗೆ ಮೂರನೆಯದು ಬೇಕು. ಆದರೆ ಒಂದು ದೇಶದ ಮಾರ್ಗದ ಉದ್ದವನ್ನು ಇನ್ನೊಂದು ದೇಶದ ಹಳಿಗಳ ಉದ್ದದೊಡನೆ ಹೋಲಿಸಿ ಹಿಗ್ಗುವವನು ಎರಡು ಬೇರೆ ಬೇರೆ ಕೊಳಗಗಳಲ್ಲಿ ಅಳೆದು ಮೋಸಹೋದ ವ್ಯಾಪಾರಿಗೆ ಸಮಾನನು.

ಪ್ರಯಾಣಿಕರ ಸಂಖ್ಯೆಯೂ ಹೀಗೆಯೇ. 2018-19ರಲ್ಲಿ ಭಾರತದ ರೈಲುಗಳು 843 ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಸಾಗಿಸಿದವು. ಆಗ ದೇಶದ ಜನಸಂಖ್ಯೆಯೇ ಸುಮಾರು 135 ಕೋಟಿ. ಹಾಗಾದರೆ ಈ 843 ಕೋಟಿ ಜನರು ಎಲ್ಲಿಂದ ಬಂದರು? ರೈಲ್ವೆಯ ಪರಿಭಾಷೆಯಲ್ಲಿ ‘ಪ್ರಯಾಣಿಕ’ ಎಂದರೆ ಮನುಷ್ಯನಲ್ಲ, ಪ್ರಯಾಣ. ತಿಂಗಳ ಪಾಸು ಪಡೆದವನು ಇಂತಿಷ್ಟು ಬಾರಿ ಸಂಚರಿಸಿದನೆಂದು ಭಾವಿಸಿ, ಒಬ್ಬನನ್ನೇ ಅಷ್ಟು ಮಂದಿ ಪ್ರಯಾಣಿಕರೆಂದು ಎಣಿಸುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ಆದರೆ ಈ ಲೆಕ್ಕದಲ್ಲಿ ಮುಂಬಯಿಯ ಬೊರಿವಲಿಯಿಂದ ಚರ್ಚ್‌ಗೇಟಿಗೆ 34 ಕಿಲೋಮೀಟರು ಹೋದವನೂ, ಧಾರವಾಡದಿಂದ ಬೆಂಗಳೂರಿಗೆ ಐನೂರಕ್ಕೆ ಸಮೀಪವಾದಷ್ಟು ಕಿಲೋಮೀಟರು ಬಂದವನೂ ಒಂದೊಂದೇ. ಈ ಕೊರತೆಯನ್ನು ತುಂಬಲು ‘ಪ್ರಯಾಣಿಕ-ಕಿಲೋಮೀಟರು’ ಎಂಬ ಇನ್ನೊಂದು ಮಾನವನ್ನು ಬಳಸುತ್ತಾರೆ. ಒಬ್ಬನು ಒಂದು ಕಿಲೋಮೀಟರು ಸಾಗಿದರೆ ಒಂದು. ಮಹಾನಗರಗಳ ಉಪನಗರ ರೈಲುಗಳು ಮೊದಲನೆಯ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲನ್ನು ಪಡೆಯುತ್ತವೆ; ಎರಡನೆಯದರಲ್ಲಿ ಅವುಗಳ ಪಾಲು ಆರರಲ್ಲಿ ಒಂದಂಶಕ್ಕಿಂತಲೂ ಕಡಿಮೆ. ಮಾನ ಬದಲಾದೊಡನೆ ದೊಡ್ಡದು ಚಿಕ್ಕದಾಯಿತು, ಚಿಕ್ಕದು ದೊಡ್ಡದಾಯಿತು.

ರೈಲಿನ ಲೆಕ್ಕದಲ್ಲಿ ಎಡವಿದರೆ ಬಹುಶಃ ತಿಳಿವಳಿಕೆಗೆ ಮಾತ್ರ ನಷ್ಟ. ರಸ್ತೆಯ ಲೆಕ್ಕದಲ್ಲಿ ಹಾಗಲ್ಲ. ಅಲ್ಲಿ ಒಂದು ವ್ಯಾಖ್ಯೆ ಒಂದು ಊರಿನ ಬಾಳನ್ನೇ ನಿರ್ಣಯಿಸಬಲ್ಲದು. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಹಳ್ಳಿಗಳನ್ನು ಸರ್ವಋತು ರಸ್ತೆಯಿಂದ ಜೋಡಿಸುವುದು ಅದರ ಗುರಿ. ಯೋಜನೆಯನ್ನು ರೂಪಿಸಿದವರು ಕಂದಾಯ ಗ್ರಾಮದ ಬದಲು ‘ಜನವಸತಿ’ಯನ್ನು ಎಣಿಕೆಯ ಘಟಕವಾಗಿ ಇಟ್ಟುಕೊಂಡರು. ಇದು ವಿವೇಕದ ನಿರ್ಧಾರವೇ ಸರಿ. ಏಕೆಂದರೆ ಒಂದು ಗ್ರಾಮದ ಹೆಸರಿನಲ್ಲಿ ಹಲವು ಕೇರಿಗಳೂ ತಾಂಡಾಗಳೂ ಅಡಗಿರುತ್ತವೆ. ಗ್ರಾಮದ ಚಾವಡಿಗೆ ರಸ್ತೆ ಬಂದರೆ ತಾಂಡಾಕ್ಕೂ ಬಂದಂತಾಗುವುದಿಲ್ಲ. ಸರ್ವಋತು ರಸ್ತೆಯಿಂದ ಕನಿಷ್ಠ 500 ಮೀಟರು ದೂರವಿರುವ ವಸತಿಯನ್ನು ಸಂಪರ್ಕರಹಿತವೆಂದು ಗಣಿಸಿದರು. ಗುಡ್ಡಗಾಡಿನಲ್ಲಿ ಈ ಮಿತಿಯನ್ನು ಒಂದೂವರೆ ಕಿಲೋಮೀಟರಿನ ಕಾಲುದಾರಿ ಎಂದು ನಿಗದಿಪಡಿಸಿದರು. ‘ಸರ್ವಋತು’ ಎಂಬುದಕ್ಕೂ ಅರ್ಥ ಹೇಳಿದರು. ಆ ರಸ್ತೆಗೆ ಡಾಂಬರು ಇರಲೇಬೇಕೆಂದಿಲ್ಲ. ಮಳೆಯ ನೀರು ಹರಿದುಹೋಗಲು ಮೋರಿ, ಕಿರುಸೇತುವೆಗಳು ಇರಬೇಕು. ಮಿತವಾದ ಅವಧಿಗೆ ಸಂಚಾರ ನಿಂತರೂ ಅದು ಸರ್ವಋತು ರಸ್ತೆಯೇ.

ಈ ವ್ಯಾಖ್ಯೆಯಲ್ಲಿ ಬಹಳಷ್ಟು ವಿವೇಕವಿದೆ. ಆದರೂ ಅದರ ಅಂಚಿನಲ್ಲಿ ಕೆಲವರು ಉಳಿದುಬಿಡುತ್ತಾರೆ. ಬಯಲುಸೀಮೆಯಲ್ಲಿ 500, ಗುಡ್ಡಗಾಡು ಮೊದಲಾದ ವಿಶೇಷ ಪ್ರದೇಶಗಳಲ್ಲಿ 250 ಜನರಿರುವ ವಸತಿಗಳಿಗೆ ಯೋಜನೆ ಅನ್ವಯಿಸುತ್ತದೆ. ಮಲೆನಾಡಿನಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ಅಡಕೆಯ ತೋಟವೊಂದಕ್ಕೆ ಒಂದು ಮನೆ, ಹಳ್ಳದಾಚೆಗೆ ಇನ್ನೆರಡು ಮನೆ. ಅವುಗಳ ನಡುವೆ ಮಳೆಗಾಲದಲ್ಲಿ ಆಸರೆಯಾಗುವುದು ಮರದ ದಿಮ್ಮಿಗಳನ್ನು ಹಾಸಿದ ಕಾಲುಸಂಕವೊಂದೇ. ಅಂತಹ ಸಂಕವನ್ನು ದಾಟಿ ಶಾಲೆಗೆ ಹೋಗುವ ಮಗುವಿಗೆ ತನ್ನ ಕೊಪ್ಪಲು ಯಾವ ಪಟ್ಟಿಯಲ್ಲಿದೆಯೆಂಬುದು ತಿಳಿಯದು. ಹಳ್ಳ ತುಂಬಿದ ದಿನ ಶಾಲೆ ತಪ್ಪಿತು ಎಂಬುದಷ್ಟೇ ಅದಕ್ಕೆ ತಿಳಿದಿರುವ ಸತ್ಯ. ಮಕ್ಕಳ ಆಟದಲ್ಲಿ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತುಂಟು. ಊರಿನ ಪಾಲಿಗೆ ಅದು ನಗೆಯ ಮಾತಲ್ಲ.

ಎಣಿಕೆಯ ಗೆರೆಯನ್ನು ಕೊಂಚ ಸರಿಸಿದರೆ ಏನಾಗುತ್ತದೆಂಬುದಕ್ಕೆ ಇದೇ ಯೋಜನೆಯಲ್ಲಿ ನಿದರ್ಶನವಿದೆ. ಮೊದಲು 2001ರ ಜನಗಣತಿಯನ್ನು ಆಧರಿಸಿ ವಸತಿಗಳನ್ನು ಆರಿಸಿದ್ದರು. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ನಾಲ್ಕನೆಯ ಹಂತಕ್ಕೆ 2011ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡರು. ಆ ಹಂತದಲ್ಲಿ ಜೋಡಿಸಬೇಕಾದ ವಸತಿಗಳು 25,000; ಅದಕ್ಕೆ ಬೇಕಾದ ರಸ್ತೆ 62,500 ಕಿಲೋಮೀಟರು. ಇವು ಒಂದು ರಾತ್ರಿಯಲ್ಲಿ ಹುಟ್ಟಿದ ಊರುಗಳಲ್ಲ. ಅಲ್ಲಿ ಜನರಿದ್ದರು, ಕೆಸರಿತ್ತು, ಕಾಯಿಲೆಯವರನ್ನು ಹೊತ್ತೊಯ್ಯುವ ಕಷ್ಟವೂ ಇತ್ತು. ಆಧಾರದ ವರ್ಷ ಬದಲಾದಾಗ ಮಾತ್ರ ಅವರು ಲೆಕ್ಕಕ್ಕೆ ಸಂದರು.

ದೂರವಾಣಿಯ ಲೆಕ್ಕ ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತದೆ. ನೂರು ಜನರಿಗೆ ಎಷ್ಟು ಸಂಪರ್ಕಗಳಿವೆ ಎಂಬುದನ್ನು ‘ದೂರವಾಣಿ ಸಾಂದ್ರತೆ’ ಎನ್ನುತ್ತಾರೆ. 2011ರ ಮಾರ್ಚ್ ಅಂತ್ಯಕ್ಕೆ ಭಾರತದ ನಗರಗಳಲ್ಲಿ ಈ ಸಾಂದ್ರತೆ 157ನ್ನು ಮುಟ್ಟಿತ್ತು, ಗ್ರಾಮಗಳಲ್ಲಿ 34ರಷ್ಟಿತ್ತು. ನೂರು ಜನರಿಗೆ ನೂರೈವತ್ತೇಳು ಸಂಪರ್ಕಗಳು! ಇದನ್ನು ಓದಿದವನು ನಗರದಲ್ಲಿ ದೂರವಾಣಿಯಿಲ್ಲದವನೇ ಇಲ್ಲವೆಂದು ಭಾವಿಸುವುದು ಸಹಜ. ಆದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 2011ರ ಜನಗಣತಿಯ ಅಂಗವಾಗಿ, ಗಣತಿದಾರರು ಮನೆಮನೆಗೆ ಹೋಗಿ ಬೇರೊಂದು ಪ್ರಶ್ನೆಯನ್ನು ಕೇಳಿದ್ದರು. ‘ಈ ಮನೆಯಲ್ಲಿ ದೂರವಾಣಿ ಇದೆಯೇ?’ ನಗರದ ನೂರು ಕುಟುಂಬಗಳಲ್ಲಿ 82 ಇದೆಯೆಂದವು, 18 ಇಲ್ಲವೆಂದವು. ಗ್ರಾಮಗಳಲ್ಲಿ 54 ಕುಟುಂಬಗಳು ಇದೆಯೆಂದವು. ಒಂದು ಲೆಕ್ಕವು ಸಂಪರ್ಕಗಳನ್ನು ಎಣಿಸಿತು. ಇನ್ನೊಂದು ಮನೆಗಳನ್ನು ಎಣಿಸಿತು. ಒಬ್ಬನ ಜೇಬಿನಲ್ಲಿ ಮೂರು ಸಂಪರ್ಕಗಳಿದ್ದರೆ ಅವನ ನೆರೆಯವರಿಬ್ಬರ ಕೊರತೆಯನ್ನು ಸರಾಸರಿ ಮುಚ್ಚಿಬಿಡುತ್ತದೆ. ಅಲ್ಲದೆ ಕೊಂಡು ಬಿಸುಟ ಸಿಮ್ಮುಗಳೂ ಚಂದಾದಾರರ ಪಟ್ಟಿಯಲ್ಲಿ ಕೆಲಕಾಲ ಉಳಿಯುತ್ತವೆ. ಆದುದರಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಒಟ್ಟು ಚಂದಾದಾರರೊಡನೆ ನಿಜವಾಗಿ ಬಳಕೆಯಲ್ಲಿರುವ ಸಂಪರ್ಕಗಳನ್ನೂ ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಇವೆರಡರ ನಡುವಣ ಅಂತರ ಕೋಟಿಗಟ್ಟಲೆ. ಪ್ರಾಧಿಕಾರದ ಈ ಕ್ರಮ ಇತರರಿಗೆ ಮೇಲ್ಪಂಕ್ತಿಯಾಗಬೇಕಾದುದು.

ಎಲ್ಲಕ್ಕಿಂತ ಕಠೋರವಾದುದು ಸಾವಿನ ಲೆಕ್ಕ. ರಸ್ತೆಯ ಅಪಘಾತದಲ್ಲಿ ಗಾಯಗೊಂಡವನು ಮೂವತ್ತು ದಿನಗಳೊಳಗೆ ಮರಣ ಹೊಂದಿದರೆ ಅದನ್ನು ಅಪಘಾತದ ಮರಣವೆಂದು ಗಣಿಸುವುದು ಅನೇಕ ದೇಶಗಳು ಒಪ್ಪಿದ ನಿಯಮ. ಭಾರತವೂ ಅದನ್ನು ಅನುಸರಿಸುತ್ತದೆ. ಪೊಲೀಸು ಠಾಣೆಗಳ ದಾಖಲೆಗಳೇ ಇಲ್ಲಿ ಆಧಾರ. ಆ ದಾಖಲೆಗಳಂತೆ 2016ರಲ್ಲಿ ದೇಶದ ರಸ್ತೆಗಳಲ್ಲಿ 1,50,785 ಮಂದಿ ಮಡಿದರು. ಅದೇ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಮಾಡಿದ ಅಂದಾಜು ಸುಮಾರು 2,99,000. ಒಂದು ದಾಖಲೆಯ ಲೆಕ್ಕ, ಇನ್ನೊಂದು ಗಣಿತದ ಅಂದಾಜು. ಯಾವುದು ಸರಿಯೆಂದು ಅವಸರದಿಂದ ತೀರ್ಪು ಕೊಡುವುದು ತರವಲ್ಲ. ಆದರೆ ಠಾಣೆಗೆ ಸುದ್ದಿ ತಲುಪದ ಅಪಘಾತವೂ, ವಾರಗಳ ನಂತರ ದೂರದ ಆಸ್ಪತ್ರೆಯಲ್ಲೋ ಮನೆಯಲ್ಲೋ ಸಂಭವಿಸಿದ ಮರಣವೂ ಕಡತದಿಂದ ತಪ್ಪಿಹೋಗುವುದು ಸಾಧ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹೊಸ ಚಿಕಿತ್ಸಾಲಯವೆಲ್ಲಿ ಬೇಕು, ಯಾವ ತಿರುವನ್ನು ನೇರಗೊಳಿಸಬೇಕು ಎಂಬ ನಿರ್ಧಾರಗಳು ಈ ಲೆಕ್ಕದಿಂದಲೇ ಹೊರಡುತ್ತವೆ. ಲೆಕ್ಕಕ್ಕೆ ಸಿಗದ ಸಾವು ಮುಂದಿನ ಸಾವನ್ನು ತಡೆಯುವುದಕ್ಕೂ ಒದಗುವುದಿಲ್ಲ.

ಇಷ್ಟನ್ನು ಕೇಳಿ ‘ಅಂಕಿ ಅಂಶಗಳೆಲ್ಲ ಸುಳ್ಳು’ ಎಂದು ಕೈಕೊಡವಿ ಏಳುವವರಿದ್ದಾರೆ. ಇದು ಸೋಮಾರಿಯ ಜಾಣತನ. ವ್ಯಾಖ್ಯೆಯಿಲ್ಲದೆ ಎಣಿಕೆಯೇ ಸಾಧ್ಯವಿಲ್ಲ. ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕು. ಗೆರೆ ಎಳೆದಮೇಲೆ ಅದರಾಚೆ ಯಾರಾದರೂ ಉಳಿಯಲೇಬೇಕು. ಮೂವತ್ತು ದಿನಗಳ ಬದಲು ಅರವತ್ತು ಎಂದರೂ ಅರವತ್ತೊಂದನೆಯ ದಿನವೊಂದು ಇದ್ದೇ ಇರುತ್ತದೆ. ಗೆರೆ ಸ್ಥಿರವಾಗಿದ್ದರೆ ತಾನೆ ಕಳೆದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆ? 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸರಂಥವರು ತಮ್ಮ ಬಾಳನ್ನು ಈ ವಿದ್ಯೆಗೆ ಮುಡಿಪಾಗಿಟ್ಟರು. ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸಲಾಗುತ್ತಿದೆ. ದೋಷವಿರುವುದು ಗೆರೆ ಎಳೆದವರಲ್ಲಿ ಅಲ್ಲ. ಗೆರೆಯನ್ನು ಅಳಿಸಿ ಬರಿಯ ಅಂಕಿಯನ್ನು ಮೆರವಣಿಗೆ ಮಾಡುವವರಲ್ಲಿ. ವರದಿಯ ಕೊನೆಯ ಪುಟದಲ್ಲಿರುವ ವ್ಯಾಖ್ಯೆ ಭಾಷಣದ ವೇದಿಕೆಯವರೆಗೆ ಬರುವುದಿಲ್ಲ. ಅಂಕಿ ಮಾತ್ರ ಬರುತ್ತದೆ.

ಆದುದರಿಂದ ಎರಡು ಕಾರ್ಯಗಳು ಅಗತ್ಯ. ಅಂಕಿಯನ್ನು ಪ್ರಕಟಿಸುವವರು ಅದರ ಮಗ್ಗುಲಲ್ಲಿಯೇ, ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ, ಅದರ ವ್ಯಾಖ್ಯೆಯನ್ನೂ ಅದು ಬದಲಾಗಿದ್ದರೆ ಯಾವ ವರ್ಷ ಬದಲಾಯಿತೆಂಬುದನ್ನೂ ತಿಳಿಸಬೇಕು. ಅಂಕಿಯನ್ನು ಓದುವವರು ಮೂರು ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿ ‘ಒಂದು’ ಎಂದರೆ ಯಾವುದು? ಎಣಿಸಿದವರು ಯಾರು? ಎಣಿಕೆಯಿಂದ ಹೊರಗುಳಿದವರು ಯಾರು? ಗ್ರಾಮಸಭೆಯಲ್ಲಿ ಕುಳಿತ ರೈತನೂ ಶಾಲೆಯ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಯೂ ಈ ಪ್ರಶ್ನೆಗಳನ್ನು ಕೇಳಬಲ್ಲರು. ಇದಕ್ಕೆ ಉನ್ನತ ಗಣಿತ ಬೇಕಾಗಿಲ್ಲ. ಪರವೂರಿನ ಸಂತೆಯಲ್ಲಿ ಕೊಳಗವನ್ನು ಎತ್ತಿ ನೋಡಿದ ವ್ಯಾಪಾರಿಯು ಮಾರುವವನನ್ನು ಅವಮಾನಿಸಲಿಲ್ಲ. ತನ್ನ ಮನೆಮಂದಿಯ ಅನ್ನವನ್ನು ಕಾಪಾಡಿಕೊಂಡನು. ಪ್ರಜಾಪ್ರಭುತ್ವದಲ್ಲಿ ನಾಗರಿಕನ ಕರ್ತವ್ಯವೂ ಅದೇ. ಸರ್ವಋತು ರಸ್ತೆ ಎಂದು ಪುಸ್ತಕದಲ್ಲಿ ಬರೆದಿರುವ ಊರಿನಿಂದ ಆಷಾಢದ ಮಳೆಯಲ್ಲಿ ಒಂದು ಮಗು ನೆನೆಯದ ಪುಸ್ತಕದೊಡನೆ ಶಾಲೆಯನ್ನು ಸೇರಿದರೆ, ಆಗ ಆ ಅಂಕಿ ನಿಜವಾಯಿತು.