ಮಾತಿನ ತೂಕ

ಅಣ್ಣಿಗೇರಿಯ ಪೇಟೆಗೆ ಬಂದ ಕಡಲೆಯನ್ನಾಗಲಿ, ಹತ್ತಿಯನ್ನಾಗಲಿ ತೂಗಲು ತಕ್ಕಡಿಯುಂಟು. ಸಭೆಯಲ್ಲಿ ಆಡಿದ ಮಾತನ್ನು ತೂಗುವುದೆಂತು? ಈ ಕೆಲಸವನ್ನೂ ಯಂತ್ರಕ್ಕೊಪ್ಪಿಸುವ ಯತ್ನ ಈಗ ನಡೆದಿದೆ.

ಅಳತೆಗೋಲನ್ನು ಮೊದಲು ಮಾಡಿದವರು ಮನುಷ್ಯರೇ. 2003ರಲ್ಲಿ ಸ್ಟೀನ್‌ಬರ್ಗನ್ ಮೊದಲಾದ ನಾಲ್ವರು ವಿದ್ವಾಂಸರು ರಾಜಕೀಯ ಚರ್ಚೆಯ ಗುಣವನ್ನಳೆಯುವ ಸೂಚ್ಯಂಕವೊಂದನ್ನು ರಚಿಸಿದರು. ಮಾತನಾಡುವವನಿಗೆ ಅಡ್ಡಿಯಾಯಿತೇ? ಹೇಳಿದ್ದಕ್ಕೆ ಕಾರಣ ಕೊಟ್ಟನೇ? ಸರ್ವರ ಹಿತವನ್ನು ನೆನೆದನೇ? ಎದುರಾಳಿಯನ್ನು ಗೌರವಿಸಿದನೇ? ಒಪ್ಪಂದಕ್ಕೆ ದಾರಿ ತೋರಿಸಿದನೇ? ಒಂದೊಂದು ಭಾಷಣವನ್ನೂ ಓದಿ ಹೀಗೆ ಅಂಕವಿಡುವುದು ಬಹುಶ್ರಮದ ಕೆಲಸ. ಮನುಷ್ಯರು ಅಂಕವಿಟ್ಟ ಸಾವಿರಾರು ಮಾತುಗಳನ್ನು ಗಣಕಯಂತ್ರಕ್ಕೆ ತೋರಿಸಿದರೆ, ಅವುಗಳ ಜಾಡು ಹಿಡಿದು ಅದು ಹೊಸ ಮಾತುಗಳಿಗೂ ಅಂಕವಿಡಬಲ್ಲದು. ಯಂತ್ರಕಲಿಕೆಯೆಂದರೆ ಇದೇ.

ಇದು ದೂರದ ಪಾರ್ಲಿಮೆಂಟುಗಳ ಸಂಗತಿ ಮಾತ್ರವಲ್ಲ. ನೆರೆಯ ತಮಿಳುನಾಡಿನ ಗ್ರಾಮಸಭೆಗಳಲ್ಲಿ ನಡೆದ ಮಾತುಕತೆಯನ್ನು ಅಕ್ಷರಶಃ ಬರೆಸಿ, ಗಣಕದಿಂದ ವಿಷಯವಾರು ವಿಂಗಡಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ರಮ್ಯಾ ಪಾರ್ಥಸಾರಥಿ, ವಿಜಯೇಂದ್ರ ರಾವ್ ಮತ್ತು ನೇತ್ರಾ ಪಳನಿಸ್ವಾಮಿ ಅದರ ಕರ್ತೃಗಳು. ಗ್ರಾಮಸಭೆ ಬರಿಯ ಹರಟೆಯ ಕಟ್ಟೆಯಲ್ಲ, ಜನ ಅಲ್ಲಿ ಅಧಿಕಾರಿಗಳನ್ನು ನಿಜವಾಗಿ ಪ್ರಶ್ನಿಸುತ್ತಾರೆಂಬುದು ಅವರಿಗೆ ಕಂಡಿತು. ಆದರೆ ಹೆಂಗಸರು ಮಾತನಾಡುವುದು ಕಡಿಮೆ. ಮಾತನಾಡಿದರೂ ಕೇಳಿದ್ದಕ್ಕೆ ತಕ್ಕ ಉತ್ತರ ದೊರೆಯುವುದು ಇನ್ನೂ ಕಡಿಮೆ. ಅಧ್ಯಕ್ಷಸ್ಥಾನ ಮಹಿಳೆಗೆ ಮೀಸಲಾದ ಊರುಗಳಲ್ಲಿ ಮಾತ್ರ ಅವರ ಮಾತಿಗೆ ಹೆಚ್ಚು ಬೆಲೆ ಬಂದಿತ್ತು.

ಇದೇ ಪರೀಕ್ಷೆಯನ್ನು ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಿ ಮಾಡಬೇಕೆಂದರೆ ಮೊದಲ ತೊಡಕು ನಡವಳಿ ಪುಸ್ತಕದಲ್ಲಿಯೇ ಎದುರಾಗುತ್ತದೆ. ಎರಡು ತಾಸಿನ ವಾಗ್ವಾದ ‘ಚರ್ಚಿಸಿ ಠರಾವು ಪಾಸು ಮಾಡಲಾಯಿತು’ ಎಂಬ ಒಂದೇ ಸಾಲಿಗಿಳಿದರೆ ಯಂತ್ರ ತೂಗುವುದೇನನ್ನು? ಎರಡನೆಯ ತೊಡಕು ನಾಡಿನ ನುಡಿಯದು. ವರ್ಷಗಟ್ಟಲೆ ನೀರು ಕಾಣದ ನಳದ ವಿಷಯದಲ್ಲಿ ಹಿರಿಯನೊಬ್ಬ, ‘ಭಾಳ ಚಲೋ ಕೆಲಸ ಮಾಡೀರಿ ಬಿಡ್ರಿ, ಸಾಹೇಬ್ರ’ ಎಂದರೆ ಸಭೆಗೆಲ್ಲ ಅದರ ಕಹಿ ತಿಳಿಯುತ್ತದೆ. ಯಂತ್ರವು ಅದಕ್ಕೆ ಗೌರವದ ಅಂಕ ಕೊಟ್ಟೀತು! ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಸುಮ್ಮನೆ ಕುಳಿತವಳ ಮೌನವಂತೂ ಯಾವ ಲೆಕ್ಕಕ್ಕೂ ಸಿಗದು.

ಕೇಳದೆ ಹೋದ ಮಾತಿನ ಬೆಲೆಯನ್ನು ನವಲಗುಂದದವರಿಗೆ ಬೇರೆ ಹೇಳಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರು ಸರಿಯಾಗಿ ಬಾರದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಕೇಳುವುದು ನ್ಯಾಯವೇ ಎಂದು ಮನವಿ ಮಾಡಿಕೊಂಡಿದ್ದರು. ಕಾರಣ ಸಹಿತವಾದ, ಲೋಕಹಿತದ ಮಾತದು. ಯಾವ ಸೂಚ್ಯಂಕದಲ್ಲಿಯೂ ಒಳ್ಳೆಯ ಅಂಕ ಪಡೆಯತಕ್ಕದ್ದು. ಅದಕ್ಕೆ ತಕ್ಕ ಉತ್ತರ ಸಕಾಲದಲ್ಲಿ ಬರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದ ಭಾಗದಲ್ಲಿ ಗೋಲೀಬಾರಾಗಿ ರೈತರು ಪ್ರಾಣ ತೆತ್ತರು. ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆ ಸೀಮೆ ಇಂದಿಗೂ ಆಚರಿಸುತ್ತದೆ.

ಆದ್ದರಿಂದ ಚರ್ಚೆಯ ಗುಣವೆಂದರೆ ಆಡಿದವನ ಚಾತುರ್ಯ ಮಾತ್ರವಲ್ಲ, ಕೇಳಿದವನು ಕೊಟ್ಟ ಉತ್ತರವೂ ಹೌದು. ಯಾವ ಪ್ರಶ್ನೆಗೆ ಉತ್ತರ ಬಂತು, ಯಾವುದು ಹಾಗೆಯೇ ಉಳಿಯಿತು ಎಂಬುದನ್ನು ಯಂತ್ರ ಎಣಿಸಿ ತೋರಿಸಿದರೆ ಅದೊಂದು ಉಪಕಾರವೇ. ಆದರೆ ಪ್ರಶ್ನೆ ಕೇಳಿದವಳ ಹೆಸರನ್ನೂ ಅವಳಾಡಿದ ಮಾತನ್ನೂ ನಡವಳಿಯಲ್ಲಿ ಬರೆದಿಡಲು ಯಾವ ಯಂತ್ರಕ್ಕೂ ಕಾಯಬೇಕಿಲ್ಲ. ಒಂದು ಲೇಖನಿ, ಸ್ವಲ್ಪ ವ್ಯವಧಾನ, ಇಷ್ಟಿದ್ದರೆ ಮುಂದಿನ ಗ್ರಾಮಸಭೆಯಿಂದಲೇ ಅದನ್ನು ಆರಂಭಿಸಬಹುದು.